ಕೈಯಲ್ಲಿ ತುಂಬಿದ ತೋಟೆ: ಒತ್ತಡ ಮಿತಿ ಮೀರಿದ್ದು ಹೇಗೆ ಗೊತ್ತಾಗುತ್ತೆ, ಮೀರದಂತೆ ನೋಡಿಕೊಳ್ಳೋದು ಹೇಗೆ?

ಟೆಕ್ಸಾಸ್‌ನಲ್ಲಿರುವ ನನ್ನ ಕಾಲೇಜು ಗೆಳೆಯನ ಗ್ಯಾರೇಜಿನಲ್ಲಿ ಕಾರು ನಿಲ್ಲುವ ಜಾಗವನ್ನು ಒಂದು ಮರದ ಮೇಜು ಆಕ್ರಮಿಸಿಕೊಂಡಿದೆ. ಮೇಜಿನ ಮೇಲೆ ಕೈಯಲ್ಲಿ ಎಳೆಯುವ ಪ್ರೆಸ್, ಚಿಕ್ಕ ತಕ್ಕಡಿ, ಡಬ್ಬಿಗಳಲ್ಲಿ ಮದ್ದು, ಡಬರಿ ತುಂಬ ಖಾಲಿ ಹಿತ್ತಾಳೆ ಕೇಸ್‌ಗಳು. ಸಕಲೇಶಪುರದ ಕಡೆಯ ಹುಡುಗ. ಅವರ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇದೆ. ಹೊಡೆದ ತೋಟೆಯ ಕೇಸನ್ನೇ ಎತ್ತಿಟ್ಟುಕೊಂಡು, ಅದಕ್ಕೆ ಹೊಸ ಪ್ರೈಮರ್, ಹೊಸ ಮದ್ದು, ಹೊಸ ಬುಲೆಟ್ ಹಾಕಿ ಮತ್ತೆ ತೋಟೆ ಮಾಡೋದು ಅಲ್ಲಿ ಅವನ ಹವ್ಯಾಸ. ಅದನ್ನು ಹ್ಯಾಂಡ್‌ಲೋಡಿಂಗ್ ಅಂತಾರೆ.

ಒಂದು ಶನಿವಾರ ಅವನ ಜೊತೆ ಶೂಟಿಂಗ್ ರೇಂಜಿಗೆ ಹೋಗಿದ್ದೆ. ಜುಲೈ ತಿಂಗಳ ಬಿಸಿಲು. ಆರನೇ ಗುಂಡು ಹೊಡೆದ ಮೇಲೆ ಅವನ ರೈಫಲ್ಲಿನ ಬೋಲ್ಟ್ ಮೇಲಕ್ಕೇಳಲಿಲ್ಲ. ಅಂಗೈಯಲ್ಲಿ ಗುದ್ದಿ ಎಬ್ಬಿಸಿದ. ಹೊರಗೆ ಬಿದ್ದ ಕೇಸನ್ನು ನೋಡಿ, "ಪ್ರೈಮರ್ ಚೆನ್ನಾಗೇ ಇದೆ ಮಗಾ, ಏನೂ ಆಗಿಲ್ಲ" ಅಂದು ಇನ್ನೊಂದು ತೋಟೆಗೆ ಕೈಹಾಕಿದ. ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಮನುಷ್ಯ ಎದ್ದು ಬಂದು ಕೇಸಿನ ತಳವನ್ನು ತೋರಿಸಿದರು. ಅಲ್ಲಿ ಚಂದ್ರನ ಚೂರಿನಂಥ ಒಂದು ಹೊಳೆಯುವ ಗುರುತು. "ಇವತ್ತಿಗೆ ಸಾಕು, ಡಬ್ಬಿ ಮುಚ್ಚು" ಅಂದರು. ಗೆಳೆಯ ಮುಚ್ಚಿದ.

ಆ ಗುರುತು ಏನು, ಅದು ಯಾಕೆ ಬಂತು, ಅದನ್ನು ನೋಡಿದ ಮೇಲೂ ಒಬ್ಬ ಎಂಜಿನಿಯರ್ 'ಏನೂ ಆಗಿಲ್ಲ' ಅಂತ ಯಾಕೆ ಹೇಳಿದ? ಈ ಬರಹ ಅದರ ಬಗ್ಗೆ. ಕೊನೆಯಲ್ಲಿ ನಮ್ಮ ಮಲೆನಾಡಿಗೂ ಬರ್ತೀನಿ.

ಮೊದಲು ಲೆಕ್ಕ

ಒತ್ತಡವನ್ನು ಅಮೆರಿಕದಲ್ಲಿ ಪಿಎಸ್‌ಐನಲ್ಲಿ ಹೇಳ್ತಾರೆ (ಸಬ್ ಇನ್ಸ್‌ಪೆಕ್ಟರ್ ಅಲ್ಲ, ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಅಂತ). ನಿಮ್ಮ ಅಡುಗೆಮನೆಯ ಕುಕ್ಕರ್ ವಿಷಲ್ ಹಾಕುವಾಗ ಒಳಗೆ ಹೊರಗಿಗಿಂತ ಸುಮಾರು 15 ಪಿಎಸ್‌ಐ ಜಾಸ್ತಿ ಒತ್ತಡ ಇರುತ್ತೆ. ಕಾರಿನ ಟೈರಿನಲ್ಲಿ 32ರ ಆಸುಪಾಸು. ಗೆಳೆಯನ ರೈಫಲ್ .308 ವಿಂಚೆಸ್ಟರ್. ಆ ತೋಟೆಗೆ ಅಮೆರಿಕದ ಉದ್ಯಮ ಸಂಸ್ಥೆ ಎಸ್‌ಎಎಎಂಐ ಗೊತ್ತುಮಾಡಿದ ಗರಿಷ್ಠ ಮಿತಿ 62,000 ಪಿಎಸ್‌ಐ. ಕುಕ್ಕರಿನ ನಾಲ್ಕು ಸಾವಿರ ಪಟ್ಟಿಗೂ ಜಾಸ್ತಿ. ಇದು ಅಪಘಾತದ ಅಂಕಿ ಅಲ್ಲ. ಎಲ್ಲವೂ ಸರಿಯಾಗಿ ನಡೆದಾಗ, ಗುಂಡು ಹೊಡೆಯುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಇರುವ ಒತ್ತಡ.

ಎಲ್ಲ ತೋಟೆಗೂ ಒಂದೇ ಮಿತಿ ಅಲ್ಲ. 9 ಎಂಎಂ ಪಿಸ್ತೂಲಿನದು 35,000, .45 ಎಸಿಪಿಯದು 21,000, .38 ಸ್ಪೆಷಲ್ ರಿವಾಲ್ವರಿನದು 17,000. ಹನ್ನೆರಡು ಬೋರಿನ ಮಾಮೂಲಿ ಚರೆ ತೋಟೆಯದು ಬರೀ 11,500. ಅದಕ್ಕೇ ಜೋಡುನಳಿಗೆ ಕೋವಿಯ ನಳಿಗೆ ಅಷ್ಟು ತೆಳು.

ಒಂದು ಚಿಟಿಕೆ ಜಾಸ್ತಿಯಾದ್ರೆ ಏನಾಗುತ್ತೆ?

ಇಲ್ಲೇ ಬಹಳ ಜನ ತಪ್ಪು ತಿಳಿಯೋದು. ಮದ್ದು ಶೇ 5 ಜಾಸ್ತಿ ಹಾಕಿದರೆ ಒತ್ತಡವೂ ಶೇ 5 ಜಾಸ್ತಿ ಅಂತ ನಮ್ಮ ಮನಸ್ಸು ಲೆಕ್ಕ ಹಾಕುತ್ತೆ. ಹೊಗೆರಹಿತ ಮದ್ದು ಹಾಗೆ ನಡೆದುಕೊಳ್ಳಲ್ಲ. ಒತ್ತಡ ಏರಿದಷ್ಟೂ ಅದು ಇನ್ನೂ ವೇಗವಾಗಿ ಉರಿಯುತ್ತೆ. ವೇಗವಾಗಿ ಉರಿದಷ್ಟೂ ಒತ್ತಡ ಇನ್ನೂ ಏರುತ್ತೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಬಳಕೆಗೆ ಒಗ್ಗುವ ಹೊಗೆರಹಿತ ಮದ್ದನ್ನು ಮಾಡಿದ. ಒತ್ತಡಕ್ಕೂ ಉರಿಯುವ ವೇಗಕ್ಕೂ ಇರುವ ಸಂಬಂಧದ ಸೂತ್ರಕ್ಕೆ ಇವತ್ತಿಗೂ ಅವನದೇ ಹೆಸರು. ಎಂಜಿನಿಯರಿಂಗ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್. ಓದದವರಿಗೆ, ಒಲೆಯೇ ತಾನಾಗಿ ಉರಿ ಜಾಸ್ತಿ ಮಾಡಿಕೊಳ್ಳುವ ಕುಕ್ಕರ್.

ಆದ್ದರಿಂದ ಗರಿಷ್ಠ ಮಿತಿಯ ಹತ್ತಿರ ಬಂದ ಮೇಲೆ ಕೊನೆಯ ಒಂದು ಗ್ರೇನ್ ಮಾಡುವ ಅನಾಹುತ ಮೊದಲಿನ ಒಂದು ಗ್ರೇನ್ ಮಾಡಲ್ಲ. ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ.

ಹಿತ್ತಾಳೆ ಹೇಳುವ ಮಾತು

ಕೇಸ್ ಮಾಡೋದು ಶೇ 70 ತಾಮ್ರ, ಶೇ 30 ಸತುವಿನ ಹಿತ್ತಾಳೆಯಲ್ಲಿ. ಗುಂಡು ಹಾರಿದಾಗ ಅದು ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತೆ. ಒತ್ತಡ ಇಳಿದಾಗ ಸ್ವಲ್ಪ ಕುಗ್ಗಿ ಸಡಿಲ ಆಗುತ್ತೆ, ಬೋಲ್ಟ್ ಸಲೀಸಾಗಿ ತೆರೆಯುತ್ತೆ. ಒತ್ತಡ ಮಿತಿ ಮೀರಿದರೆ ಚೇಂಬರಿನ ಉಕ್ಕೂ ಜಾಸ್ತಿ ಹಿಗ್ಗುತ್ತೆ, ಹಿತ್ತಾಳೆ ಅದರ ಜೊತೆ ಹಿಗ್ಗಿ ಶಾಶ್ವತವಾಗಿ ಆಕಾರ ಕಳೆದುಕೊಳ್ಳುತ್ತೆ. ಉಕ್ಕು ವಾಪಸ್ ತನ್ನ ಜಾಗಕ್ಕೆ ಬರುತ್ತೆ, ಹಿತ್ತಾಳೆ ಬರಲ್ಲ. ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೆ. ಗೆಳೆಯ ಅಂಗೈಯಲ್ಲಿ ಗುದ್ದಿದ್ದು ಇದನ್ನೇ.

ನೋಡಬೇಕಾದ ಲಕ್ಷಣಗಳು ಇವು:

ಬೋಲ್ಟ್ ಬಿಗಿಯಾಗೋದು. ಮೊದಲಿನ ತೋಟೆಗಳಿಗೆ ಸಲೀಸಾಗಿ ಎದ್ದ ಬೋಲ್ಟ್ ಈಗ ಏಳ್ತಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಬೇಕು.

ಕೇಸಿನ ತಳದಲ್ಲಿ ಹೊಳೆಯುವ ಗುರುತು. ಕೇಸನ್ನು ಹೊರಗೆ ಚಿಮ್ಮಿಸುವ ಎಜೆಕ್ಟರಿಗೆ ಬೋಲ್ಟಿನ ಮುಖದಲ್ಲಿ ಒಂದು ತೂತು ಇರುತ್ತೆ. ಒತ್ತಡಕ್ಕೆ ಹಿತ್ತಾಳೆ ಆ ತೂತಿನೊಳಕ್ಕೆ ಹರಿದು, ಬೋಲ್ಟ್ ತಿರುಗಿಸುವಾಗ ಉಜ್ಜಿ ಹೊಳಪಾಗುತ್ತೆ. ಆ ಹಿರಿಯರು ತೋರಿಸಿದ ಚಂದ್ರನ ಚೂರು ಇದೇ.

ಪ್ರೈಮರ್ ಚಪ್ಪಟೆಯಾಗೋದು, ಅದರ ದುಂಡನೆಯ ಅಂಚು ಮಾಯವಾಗಿ ಗುಳಿಯನ್ನೆಲ್ಲ ತುಂಬಿಕೊಳ್ಳೋದು, ಫೈರಿಂಗ್ ಪಿನ್ನಿನ ಗುರುತಿನ ಸುತ್ತ ದಂಡೆ ಏಳೋದು, ಪ್ರೈಮರ್ ತೂತಾಗಿ ಸುತ್ತ ಮಸಿ ಹಿಡಿಯೋದು.

ಪ್ರೈಮರ್ ಗುಳಿ ಸಡಿಲವಾಗೋದು. ಒಂದೆರಡು ಸಲ ಬಳಸಿದ್ದಕ್ಕೇ ಹೊಸ ಪ್ರೈಮರ್ ಬಿಗಿಯಿಲ್ಲದೆ ಕೂತರೆ, ಅಥವಾ ಕೇಸಿನಿಂದ ಉದುರಿಯೇ ಹೋದರೆ, ತಳ ಹಿಗ್ಗಿದೆ ಅಂತ ಅರ್ಥ. ಆ ಕೇಸ್ ಮತ್ತೆ ಬಳಸುವ ಹಾಗಿಲ್ಲ.

ನಿರೀಕ್ಷೆಗಿಂತ ಹೆಚ್ಚು ವೇಗ. ಕ್ರೋನೋಗ್ರಾಫ್ ಎಂಬ ಸಾಧನ ಬುಲೆಟ್ಟಿನ ವೇಗ ಅಳೆಯುತ್ತೆ. ಅಷ್ಟೇ ಉದ್ದದ ನಳಿಗೆ, ಅದೇ ಬುಲೆಟ್, ಅದೇ ಮದ್ದಿಗೆ ಕೈಪಿಡಿ ಹೇಳುವ ವೇಗಕ್ಕಿಂತ ನಿಮಗೆ ಜಾಸ್ತಿ ಬರ್ತಿದೆ ಅಂದ್ರೆ ಖುಷಿಪಡಬೇಡಿ. ವೇಗ ಬಿಟ್ಟಿ ಸಿಗಲ್ಲ, ಒತ್ತಡದಿಂದಲೇ ಬರೋದು.

ಆದರೆ ಕಣ್ಣಳತೆ ನಂಬಬೇಡಿ

ಈ ಪಟ್ಟಿ ಓದಿದ ಮೇಲೆ 'ಸರಿ, ಲಕ್ಷಣ ಕಾಣೋವರೆಗೂ ಮದ್ದು ಏರಿಸ್ತಾ ಹೋಗಬಹುದು' ಅಂತ ಅನ್ನಿಸಿದರೆ ಈ ಬರಹ ಸೋತಂತೆ. ಯಾಕೆ ಅಂದ್ರೆ ಹಿತ್ತಾಳೆ ಬಾಯಿ ಬಿಡೋದು ಸಾಮಾನ್ಯವಾಗಿ ಮಿತಿ ದಾಟಿದ ಮೇಲೆ. ಲಕ್ಷಣ ಕಾಣಲಿಲ್ಲ ಅಂದ ಮಾತ್ರಕ್ಕೆ ಒತ್ತಡ ಮಿತಿಯಲ್ಲಿದೆ ಅಂತಲ್ಲ.

ಲಕ್ಷಣಗಳು ಸುಳ್ಳೂ ಹೇಳ್ತವೆ. ಕೆಲವು ಪ್ರೈಮರಿನ ಲೋಹ ಮೆದು, ಕಡಿಮೆ ಒತ್ತಡಕ್ಕೇ ಚಪ್ಪಟೆಯಾಗುತ್ತೆ. ಕೆಲವು ಗಟ್ಟಿ, ಅಪಾಯದಲ್ಲೂ ದುಂಡಗೇ ಉಳಿಯುತ್ತೆ. ಬೋಲ್ಟಿನಲ್ಲಿ ಪಿನ್ನಿನ ತೂತು ದೊಡ್ಡದಿದ್ದರೆ ಮಾಮೂಲಿ ಒತ್ತಡಕ್ಕೂ ದಂಡೆ ಏಳುತ್ತೆ. ಇನ್ನು ಹಳೆಯ ಕಾಲದ ಕಡಿಮೆ ಒತ್ತಡದ ಕೋವಿಗಳ ಕಥೆ ಬೇರೆಯೇ. .45-70 ತೋಟೆಯ ಮಿತಿ 28,000 ಪಿಎಸ್‌ಐ. ಅದರ ದುಪ್ಪಟ್ಟಿಗೂ ಹಿತ್ತಾಳೆ ದೂರು ಹೇಳದೇ ಇರಬಹುದು. ಹಿತ್ತಾಳೆಗಿಂತ ಮೊದಲು ಕೋವಿಯೇ ಒಡೆಯಬಹುದು. ರಿವಾಲ್ವರಿನಲ್ಲೂ ಹೀಗೇ.

ಕಣ್ಣಳತೆಯ ಬೆಲೆ ಏನು ಅಂತ ತಿಳಿಯೋಕೆ ಒಂದು ಹಳೆಯ ಕಥೆ ಸಾಕು. ಅಮೆರಿಕದ ಸೈನ್ಯಕ್ಕೆ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ 1903ರ ಮಾದರಿಯ ರೈಫಲ್ ಮಾಡ್ತಿತ್ತು. 1917ರಲ್ಲಿ, ದೇಶ ಮೊದಲ ಮಹಾಯುದ್ಧಕ್ಕಿಳಿದ ಹೊತ್ತಿಗೆ, ಕೆಲವು ರೈಫಲ್‌ಗಳ ರಿಸೀವರ್ ಗಾಜಿನಂತೆ ಚೂರಾದವು. ವಿಚಾರಣೆಯಲ್ಲಿ ಗೊತ್ತಾಗಿದ್ದು ಇಷ್ಟು: ಕುಲುಮೆಯಲ್ಲಿ ಉಕ್ಕು ಎಷ್ಟು ಕಾದಿದೆ ಅಂತ ಅನುಭವಿ ಕೆಲಸಗಾರರು ಅದರ ಬಣ್ಣ ನೋಡಿ ಹೇಳ್ತಿದ್ದರು. ಮೋಡದ ದಿನ ಸರಿಯಾಗಿ ಕಂಡ ಬಣ್ಣ, ಬಿಸಿಲಿನ ದಿನ ಮಂಕಾಗಿ ಕಾಣ್ತಿತ್ತು. ಹಾಗಾಗಿ ಇನ್ನೂ ಕಾಯಿಸ್ತಿದ್ದರು. ಉಕ್ಕು ಸುಟ್ಟು ಪೆಡಸಾಗ್ತಿತ್ತು. ಮೇಲಿಂದ ಯುದ್ಧದ ಅವಸರದಲ್ಲಿ ಬಂದ ಕೆಲವು ತೋಟೆಗಳ ಹಿತ್ತಾಳೆ ಮೆದು. ತಾಪಮಾಪಕ ಇಟ್ಟ ಮೇಲೆ ಕಣ್ಣಳತೆ ಎಷ್ಟು ತಪ್ಪಾಗಿತ್ತು ಅಂತ ಬಯಲಾಯಿತು, 1918ರಲ್ಲಿ ವಿಧಾನವನ್ನೇ ಬದಲಿಸಿದರು. ಸ್ಪ್ರಿಂಗ್‌ಫೀಲ್ಡಿನ 8,00,000ಕ್ಕಿಂತ ಕೆಳಗಿನ ಸಂಖ್ಯೆಯ ಆ ರೈಫಲ್‌ಗಳಲ್ಲಿ ಗುಂಡು ಹೊಡೆಯಬೇಡಿ ಅಂತ ಇವತ್ತಿಗೂ ಎಚ್ಚರಿಸ್ತಾರೆ. ಈ ಪ್ರಕರಣವನ್ನು ಜೂಲಿಯನ್ ಹ್ಯಾಚರ್ 1947ರ ತನ್ನ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದ್ದಾನೆ.

ಆ ಕೆಲಸಗಾರರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ವರ್ಷಗಳ ಅನುಭವ ಇದ್ದವರು. ಅನುಭವವೇ ಅವರಿಗೆ ಅಳತೆಗೋಲು ಬೇಡ ಅನ್ನಿಸಿತ್ತು.

ಒತ್ತಡ ಏರುವ ದಾರಿಗಳು

ಜಾಸ್ತಿ ಮದ್ದು ಒಂದೇ ಕಾರಣ ಅಲ್ಲ.

ತಪ್ಪು ಮದ್ದು: ನೋಡೋಕೆ ಒಂದೇ ಥರ ಇರುವ ಎರಡು ಮದ್ದುಗಳ ಉರಿಯುವ ವೇಗ ಅಜಗಜಾಂತರ ಇರಬಹುದು. ಪಿಸ್ತೂಲಿನ ಮದ್ದು ರೈಫಲ್ ಕೇಸಿಗೆ ಹೋದರೆ ಕೋವಿ ಉಳಿಯಲ್ಲ. 2020ರ ನಂತರ ಅಮೆರಿಕದಲ್ಲಿ ಪ್ರೈಮರ್, ಮದ್ದುಗಳಿಗೆ ಬರ ಬಂದಾಗ 'ಅದಿಲ್ಲ ಅಂದ್ರೆ ಇದು' ಎಂಬ ಆಸೆ ಹುಟ್ಟಿತು. ಆ ಆಸೆಯೇ ಅಪಾಯ.

ಎರಡು ಸಲ ತುಂಬೋದು: ಪಿಸ್ತೂಲಿನ ಕೆಲವು ಮದ್ದು ಎಷ್ಟು ಸ್ವಲ್ಪ ಸಾಕು ಅಂದ್ರೆ, ಒಂದೇ ಕೇಸಿಗೆ ಎರಡು ಸಲ ಹಾಕಿದರೂ ಹೊರಗೆ ಚೆಲ್ಲಲ್ಲ. ಫೋನ್ ಬಂದು ಎದ್ದುಹೋಗಿ ವಾಪಸ್ ಕೂತಾಗ ಆಗುವ ತಪ್ಪು ಇದು.

ಬುಲೆಟ್ ಬದಲಾಯಿಸೋದು: ತೂಕ ಒಂದೇ ಆದರೂ ಪೂರ್ತಿ ತಾಮ್ರದ ಬುಲೆಟ್ ಸೀಸದ ತಿರುಳಿನದಕ್ಕಿಂತ ಉದ್ದ. ಕೇಸಿನೊಳಗೆ ಜಾಸ್ತಿ ಜಾಗ ತಿನ್ನಬಹುದು, ನಳಿಗೆಯಲ್ಲಿ ಬೇರೆ ಥರ ಉಜ್ಜುತ್ತೆ. ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯಲ್ಲ.

ಬುಲೆಟ್ ಕೂರಿಸುವ ಆಳ: ಪಿಸ್ತೂಲಿನಲ್ಲಿ ಬುಲೆಟ್ ಒಳಕ್ಕೆ ಜರುಗಿದರೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತೆ. ರೈಫಲ್ಲಿನಲ್ಲಿ ಬುಲೆಟ್ ತೀರಾ ಮುಂದಕ್ಕಿದ್ದು ನಳಿಗೆಯ ಗೀರುಗಳಿಗೆ ತಾಗಿಕೊಂಡಿದ್ದರೂ ಏರುತ್ತೆ.

ಕೇಸ್: ಹಲವು ಸಲ ಬಳಸಿದ ಕೇಸ್ ಉದ್ದ ಬೆಳೆಯುತ್ತೆ. ಕತ್ತರಿಸದಿದ್ದರೆ ಅದರ ಬಾಯಿ ಚೇಂಬರಿನ ಕೊನೆಯಲ್ಲಿ ಸಿಕ್ಕಿ ಬುಲೆಟ್ಟನ್ನು ಹಿಡಿದುಕೊಳ್ಳುತ್ತೆ. ಸೈನ್ಯದ ತೋಟೆಯ ಕೇಸ್ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಅದೇ ಮದ್ದು, ಜಾಸ್ತಿ ಒತ್ತಡ.

ಬಿಸಿ: ಬಿಸಿಲಲ್ಲಿ ಕಾರಿನೊಳಗೆ ಬೆಂದ ತೋಟೆ, ಸತತ ಹೊಡೆದು ಕಾದ ಚೇಂಬರಿನಲ್ಲಿ ಕೂತ ತೋಟೆ ಜಾಸ್ತಿ ಒತ್ತಡ ಕೊಡಬಹುದು. ಮದ್ದಿನಿಂದ ಮದ್ದಿಗೆ ವ್ಯತ್ಯಾಸ ಇದೆ.

ನಳಿಗೆಯಲ್ಲಿ ಅಡ್ಡಿ: ಮದ್ದಿಲ್ಲದ ತೋಟೆಯ ಪ್ರೈಮರ್ ಮಾತ್ರ ಹೊತ್ತಿದರೆ 'ಠುಸ್' ಅಂತ ಸದ್ದಾಗಿ ಬುಲೆಟ್ ನಳಿಗೆಯಲ್ಲೇ ಉಳಿಯುತ್ತೆ. ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತೆ. ಸದ್ದು ಕಡಿಮೆ ಅನ್ನಿಸಿದರೆ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯೊಳಗೆ ಸರಳು ಹಾಕಿ ನೋಡಲೇಬೇಕು.

ಗೆಳೆಯನ ಕೇಸಿನಲ್ಲಿ ಏನಾಗಿತ್ತು? ಮನೆಗೆ ಬಂದು ಉಳಿದ ತೋಟೆಗಳನ್ನು ಬಿಚ್ಚಿ ತೂಗಿದೆವು. ಮದ್ದು ಸರಿಯಾಗೇ ಇತ್ತು, ಕೈಪಿಡಿಯ ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ. ಆದರೆ ಆ ಸಲದ ಕೇಸ್‌ಗಳಲ್ಲಿ ಸೈನ್ಯದವು ಬೆರೆತಿದ್ದವು. ಡಬ್ಬಿ ಬೆಳಗ್ಗೆಯಿಂದ ಕಾರಿನಲ್ಲಿತ್ತು. ಹಿಂದಿನ ವಾರ ಬುಲೆಟ್ಟನ್ನು ಗೀರುಗಳಿಗೆ ಹತ್ತಿರವಾಗುವಂತೆ ಮುಂದಕ್ಕೆ ಕೂರಿಸಿದ್ದ. ಒಂದೊಂದನ್ನೇ ನೋಡಿದರೆ ಯಾವುದೂ ತಪ್ಪಲ್ಲ ಅನ್ನಿಸುವ ಮೂರು ಸಣ್ಣ ವಿಷಯಗಳು. ಕೂಡಿಸಿದವರು ಯಾರೂ ಇರಲಿಲ್ಲ.

ತಪ್ಪಿಸೋದು ಹೇಗೆ?

ಪ್ರಯೋಗಶಾಲೆಯಲ್ಲಿ ಒತ್ತಡ ಅಳೆದು ಪ್ರಕಟಿಸಿದ ಕೈಪಿಡಿ ಮಾತ್ರ ನಂಬಬೇಕು. ಲೈಮನ್, ಹಾರ್ನಡಿ, ಹಾಡ್ಜ್‌ಡನ್, ಸಿಯೆರಾ ಮುಂತಾದ ಕಂಪನಿಗಳು ಪ್ರಕಟಿಸ್ತವೆ. ಒಂದಲ್ಲ, ಎರಡು ಕಡೆ ತಾಳೆ ನೋಡಬೇಕು. ಸ್ನೇಹಿತ ಹೇಳಿದ ಅಂಕಿ ಲೆಕ್ಕಕ್ಕಿಲ್ಲ.

ಕೈಪಿಡಿಯ ಆರಂಭದ ಪ್ರಮಾಣದಿಂದಲೇ ಶುರು ಮಾಡಬೇಕು. ಅದು ಕೊಟ್ಟಿಲ್ಲದಿದ್ದರೆ ಗರಿಷ್ಠಕ್ಕಿಂತ ಶೇ 10 ಕೆಳಗಿನಿಂದ ಅನ್ನೋದು ರೂಢಿ. ಸಣ್ಣ ಹೆಜ್ಜೆಗಳಲ್ಲಿ ಏರಿಸುತ್ತಾ, ಪ್ರತಿ ಹೆಜ್ಜೆಗೂ ಕೇಸ್, ಬೋಲ್ಟ್, ವೇಗ ನೋಡಿ ಬರೆದಿಡಬೇಕು. ಕನಿಷ್ಠಕ್ಕಿಂತ ಕೆಳಗೂ ಇಳಿಯಬಾರದು, ಅದಕ್ಕೂ ಅದರದೇ ಅಪಾಯಗಳಿವೆ.

ಕೇಸ್, ಪ್ರೈಮರ್, ಬುಲೆಟ್, ಮದ್ದಿನ ಹೊಸ ಡಬ್ಬಿ, ಇದರಲ್ಲಿ ಯಾವ ಒಂದನ್ನು ಬದಲಾಯಿಸಿದರೂ ಮತ್ತೆ ಕೆಳಗಿನಿಂದ ಶುರು. ಬೇರೆ ಕೋವಿಗೂ ಹಾಗೇ.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ತಕ್ಕಡಿಯನ್ನು ತೂಕದ ಬಟ್ಟಿನಿಂದ ಪರೀಕ್ಷಿಸಿ ಶುರು ಮಾಡಬೇಕು. ಬುಲೆಟ್ ಕೂರಿಸುವ ಮೊದಲು ಎಲ್ಲ ಕೇಸ್‌ಗಳನ್ನೂ ದೀಪದ ಕೆಳಗೆ ಸಾಲಾಗಿಟ್ಟು ಮದ್ದಿನ ಮಟ್ಟ ನೋಡಬೇಕು. ಸಾಧ್ಯವಾದರೆ ಕೇಸನ್ನು ಅರ್ಧಕ್ಕಿಂತ ಜಾಸ್ತಿ ತುಂಬುವ ಮದ್ದು ಆರಿಸಿಕೊಂಡರೆ, ಎರಡು ಸಲ ಬಿದ್ದರೆ ಅದೇ ಚೆಲ್ಲಿ ಹೇಳುತ್ತೆ.

ಲಕ್ಷಣ ಕಂಡರೆ ಆ ಕಂತಿನ ಇನ್ನೊಂದು ತೋಟೆಯನ್ನೂ ಹೊಡೆಯಬಾರದು. ಎಲ್ಲವನ್ನೂ ಬಿಚ್ಚಬೇಕು. ಕೋವಿಯನ್ನು ತಿಳಿದವರಿಗೆ ತೋರಿಸಬೇಕು. ಕನ್ನಡಕ ಇಲ್ಲದೆ ಹೊಡೆಯಲೇಬಾರದು.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು?

ಇಲ್ಲಿ ರಾಜಕೀಯ ಬರುತ್ತೆ. ಮೇಲೆ ಹೇಳಿದ 62,000, 35,000 ಅಂಕಿಗಳು ಅಮೆರಿಕದಲ್ಲಿ ಕಾನೂನು ಅಲ್ಲ. 1926ರಲ್ಲಿ ಶುರುವಾದ ಎಸ್‌ಎಎಎಂಐ ಕೋವಿ, ತೋಟೆ ತಯಾರಕರದೇ ಸಂಘ. ಅದರ ಮಾನದಂಡ ಸ್ವಯಂಪ್ರೇರಿತ. ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿಯಂಥ ದೇಶಗಳು ಸೇರಿರುವ ಸಿಐಪಿ ವ್ಯವಸ್ಥೆ 1914ರಿಂದ ಇದೆ. ಅಲ್ಲಿ ಕೋವಿ ಮಾರುವ ಮೊದಲು ಜಾಸ್ತಿ ಒತ್ತಡದ ತೋಟೆ ಹೊಡೆದು ಪರೀಕ್ಷಿಸಿ ಮುದ್ರೆ ಹಾಕೋದು ಕಾನೂನಿನ ಕೆಲಸ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಕಾಯ್ದೆ ಬಂದದ್ದು 1972ರಲ್ಲಿ. ಆಟಿಕೆ, ಏಣಿ, ಕುಕ್ಕರ್ ಎಲ್ಲವೂ ಅದರ ಆಯೋಗದ ಕೈಕೆಳಗೆ. ಕೋವಿ, ತೋಟೆ ಮಾತ್ರ ಹೊರಗೆ. ಕುಕ್ಕರ್ ಸಿಡಿದರೆ ವಾಪಸ್ ಪಡೆಯಲು ಆದೇಶಿಸಬಲ್ಲ ಆಯೋಗ, ಅದರ ನಾಲ್ಕು ಸಾವಿರ ಪಟ್ಟು ಒತ್ತಡದ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ತಯಾರಿಸಿ ಮಾರುವುದಕ್ಕೆ ಬೇಕು.

ಸ್ವಾತಂತ್ರ್ಯ ಅಂದ್ರೆ ಇದೇ ಅಂತ ಗೆಳೆಯ ವಾದಿಸ್ತಾನೆ. ಇರಬಹುದು. ನನ್ನ ತಕರಾರು ಇಷ್ಟೇ: ರೇಂಜಿನಲ್ಲಿ ಅವನ ಪಕ್ಕ ನಿಂತಿದ್ದ ನಾನು ಆ ಸ್ವಾತಂತ್ರ್ಯಕ್ಕೆ ಸಹಿ ಹಾಕಿರಲಿಲ್ಲ.

ನಮ್ಮ ಕಡೆ

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸೋದು ಅಪರಾಧ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಅದು ಕೋವಿ ಇಟ್ಟುಕೊಳ್ಳೋದಕ್ಕೆ, ತೋಟೆ ಮಾಡೋದಕ್ಕಲ್ಲ.

ಹಾಗಂತ ಈ ವಿಷಯ ನಮಗೆ ಸಂಬಂಧವಿಲ್ಲ ಅನ್ನೋ ಹಾಗಿಲ್ಲ. ಬೆಳೆ ಕಾಯಲು ಇಟ್ಟುಕೊಂಡ ಕೇಪಿನ ಕೋವಿಗೆ ಪ್ರತಿ ಸಲವೂ ಮದ್ದು ಅಳೆದು ಹಾಕೋದು ಕೈಯೇ. ಅದು ಕರಿಮದ್ದಿನ ಕೋವಿ. ಚರೆ ತೋಟೆ ಬಿಚ್ಚಿ ಅದರ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಯಾವ ಕಾರಣಕ್ಕೂ, ಒಂದು ಚಿಟಿಕೆಯೂ ಹಾಕಬಾರದು. ಆ ನಳಿಗೆ ಅದಕ್ಕೆ ಮಾಡಿದ್ದಲ್ಲ. ಜೋಡುನಳಿಗೆ ಇದ್ದವರು ನೆನಪಿಡಬೇಕಾದ್ದು: ಇಪ್ಪತ್ತು ಬೋರಿನ ತೋಟೆ ಹನ್ನೆರಡು ಬೋರಿನ ನಳಿಗೆಯೊಳಕ್ಕೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತೆ. ಹಿಂದೆ ಖಾಲಿ ಕಾಣುತ್ತೆ ಅಂತ ಹನ್ನೆರಡರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತೆ. ಎರಡನ್ನೂ ಒಂದೇ ಜೇಬಿನಲ್ಲಿ ಇಡಬೇಡಿ.

ಹೋದ ತಿಂಗಳು ಗೆಳೆಯ ಫೋನ್ ಮಾಡಿದ್ದ. ಹೊಸ ಕೇಸ್, ಕೆಳಗಿನಿಂದ ಶುರು ಮಾಡಿದ್ದಾನಂತೆ, ಕ್ರೋನೋಗ್ರಾಫ್ ತಗೊಂಡಿದ್ದಾನಂತೆ. "ಆ ತಾತ ಇಲ್ಲದಿದ್ದರೆ ಏಳನೇದು ಹೊಡೀತಿದ್ದೆ ಕಣೋ" ಅಂದ. ಆರನೆಯ ಕೇಸನ್ನು ಎಸೆದಿಲ್ಲ. ಮೇಜಿನ ಮುಂದಿನ ಗೋಡೆಗೆ, ತಳ ಕಾಣುವಂತೆ ಅಂಟಿಸಿಟ್ಟಿದ್ದಾನೆ.